ಐನೂರು ಕಡಿಮೆ

ನಿಟ್ಟುವಳ್ಳಿಯ ಹಿಂದಿನ ಬೀದಿ,
ಮಾಳಿಗೆಯ ಮೇಲೊಂದು ಶೀಟಿನ ಕೋಣೆ.
ಮೂರು ಸಾವಿರ ಎಂದಳು ಕೊಟ್ರಮ್ಮ
ಮೆಂತೆ ಸೊಪ್ಪು ಬಿಡಿಸುತ್ತ, ನನ್ನ ಮುಖ ನೋಡದೆ.
ಯಾವ ಊರು, ಯಾವ ಜನ, ನಿಮ್ಮಪ್ಪ ಏನು ಮಾಡ್ತಾನೆ?

ಅಪ್ಪ ಇಲ್ಲ, ಎಂದೆ.

ಬಾಯಿ ಜಾರಿದ್ದಲ್ಲ.
ಜಗಳೂರಿನಿಂದ ಬರುವಾಗ ಬಸ್ಸಿನ ಕಿಟಕಿಗೆ
ಮೂರು ಸಲ ಹೇಳಿ ನೋಡಿಕೊಂಡಿದ್ದೆ.
ಸೊಪ್ಪಿನ ಮೇಲೆ ಕೈ ನಿಂತಿತು.
"ಎರಡೂವರೆ ಕೊಡವ್ವ" ಎಂದಳು.

ಹೀಗೆ ಪ್ರತಿ ತಿಂಗಳು ಐದನೇ ತಾರೀಖು
ಐನೂರು ರೂಪಾಯಿಗೆ ಅಪ್ಪನನ್ನು ಸಾಯಿಸುತ್ತ ಬಂದೆ.
ಅವನೋ ಅಲ್ಲಿ ಗಟ್ಟಿಯಾಗಿಯೇ ಇದ್ದ,
ಹೊಸ ಟಿ.ವಿ.ಯನ್ನೂ ಒಡೆದನಂತೆ.

ಪಿ.ಜೆ. ಬಡಾವಣೆಯ ಲ್ಯಾಬಿನಲ್ಲಿ ನನಗೆ ರಕ್ತ ತೆಗೆಯುವ ಕೆಲಸ.
ಬೆಳಿಗ್ಗೆ ಆರಕ್ಕೆ ಖಾಲಿ ಹೊಟ್ಟೆಯ ಸಾಲು,
ಅಡಿಕೆ ಮಂಡಿಯ ಸಾಹುಕಾರ, ಆಟೋದ ಹುಡುಗ,
ಮಂಡಕ್ಕಿ ಭಟ್ಟಿಯ ಮಸಿ ಮೆತ್ತಿದ ತೋಳು.
ಮುಷ್ಟಿ ಕಟ್ಟಿ, ಎನ್ನುತ್ತೇನೆ. ಕಟ್ಟುತ್ತಾರೆ.
ಈಗ ಬಿಡಿ, ಎನ್ನುತ್ತೇನೆ.
ಹೇಳಿದ ಕೂಡಲೇ ಮುಷ್ಟಿ ಬಿಡುವ ಗಂಡಸರೂ ಇದ್ದಾರೆಂದು
ನನಗೆ ತಿಳಿದದ್ದು ಇಪ್ಪತ್ತೊಂದಕ್ಕೆ.

ಕೋಣೆಗೆ ಮೊದಲು ಬಂದದ್ದು ಬೀಗ.
ಆಮೇಲೆ ಬಕೀಟು, ಒಂದು ಒಲೆ, ಒಂದು ದಿಂಬು.
ಒಮ್ಮೆ ಹಾಲು ಉಕ್ಕಿತು. ನಾನು ಕೂಗಿದ ಕೂಗಿಗೆ
ಪಕ್ಕದ ತಾರಸಿಯ ಬೆಕ್ಕು ಗೋಡೆ ಹಾರಿ ಓಡಿತು.
ಅದು ಯಾರ ದನಿ ಎಂದು ನನಗೆ ಗೊತ್ತಿತ್ತು.
ಚೆಲ್ಲಿದ ಹಾಲು ಒರೆಸಲು ಅರ್ಧ ಗಂಟೆ ತೆಗೆದುಕೊಂಡೆ.

ಮಾಘದ ಒಂದು ಸೋಮವಾರ ಅವ್ವ ಬಂದಳು,
ಕಣ್ಣು ತೋರಿಸಬೇಕೆಂದು ಮನೆಯಲ್ಲಿ ಹೇಳಿ.
ಪೇಪರಿನಲ್ಲಿ ಸುತ್ತಿದ ಕಟಕ್ ರೊಟ್ಟಿ, ಶೇಂಗಾ ಹಿಂಡಿ,
ಹಣೆಯ ತುಂಬ ಕುಂಕುಮ, ಕೊರಳಲ್ಲಿ ತಾಳಿ,
ಕೈಗೆ ಡಜನ್ ಹಸಿರು ಬಳೆ.
ನಲ್ಲಿಯ ಹತ್ತಿರವೇ ನಿಂತಿದ್ದಳು ಕೊಟ್ರಮ್ಮ.
ನೋಡಿದಳು. ತುಂಬಿದ ಕೊಡ ಇನ್ನೂ ತುಂಬಿ ಹರಿಯಿತು.
"ಬರ್ರಿ" ಎಂದಳು, ಅಷ್ಟೇ.

ಅವ್ವನಿಗೆ ಎಡಗಿವಿ ಕೇಳುವುದಿಲ್ಲ.
ಹುಟ್ಟಿನಿಂದ ಬಂದದ್ದಲ್ಲ.
ಏನು ಹೇಳುವುದಿದ್ದರೂ ಬಲಕ್ಕೆ ಬಂದು ಹೇಳಬೇಕು.
ಊರಿನ ಮನೆಯಲ್ಲಿ ಅವಳು ಮಲಗುವುದು ಎಡ ಮಗ್ಗುಲಿಗೆ,
ಕೇಳುವ ಕಿವಿ ಮೇಲೆ,
ಬಾಗಿಲ ಕಡೆಗೆ, ಕಾವಲು ನಾಯಿಯ ಹಾಗೆ.

ಇಲ್ಲಿ ಊಟವಾದ ಮೇಲೆ ಸುತ್ತ ನೋಡಿ,
"ಏನ್ ಸದ್ದೇ ಇಲ್ಲಲ್ಲೇ" ಎಂದಳು.
ನನ್ನ ದಿಂಬಿಗೆ ಬಲಗಿವಿ ಒತ್ತಿ ಮಲಗಿಬಿಟ್ಟಳು.
ಶೀಟು ಕಾದು ಕೋಣೆ ಕುಲುಮೆಯಾದರೂ ಏಳಲಿಲ್ಲ.
ನಾನು ಪಾತ್ರೆ ತೊಳೆಯದೆ ಕೂತಿದ್ದೆ,
ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ.

ಐದೂವರೆಯ ಬಸ್ಸು.
ಅಪ್ಪ ಹೇಗಿದ್ದಾನೆ ಎಂದು ನಾನು ಕೇಳಿರಲಿಲ್ಲ.
ಬೀಗದ ಇನ್ನೊಂದು ಕೀ ಅವಳ ಅಂಗೈಗಿಟ್ಟೆ.
"ನನ್ನತ್ರ ಇದ್ರೆ ಅವನಿಗೆ ಸಿಗ್ತೈತಿ" ಎಂದು
ನನ್ನ ಬೆರಳುಗಳನ್ನೇ ಅದರ ಸುತ್ತ ಮಡಚಿದಳು.
ಬಸ್ಸು ಗುರುಗುಟ್ಟಿದಾಗ
ಹೋಗಬ್ಯಾಡವ್ವ, ಎಂದೆ.
ಎಡಕ್ಕೆ ನಿಂತಿದ್ದೆ.
ಗೊತ್ತಿದ್ದೇ ನಿಂತಿದ್ದೆನೋ ಏನೋ,
ಇವತ್ತಿಗೂ ನನಗೆ ಬಗೆಹರಿದಿಲ್ಲ.

ಮುಂದಿನ ಐದನೇ ತಾರೀಖು
ಪೂರಾ ಮೂರು ಸಾವಿರ ಎಣಿಸಿಕೊಂಡು ಕೆಳಗಿಳಿದೆ,
ಹೇಳಬೇಕಾದ ಮಾತನ್ನು ಮೆಟ್ಟಿಲು ಮೆಟ್ಟಿಲಿಗೂ ಹೇಳಿಕೊಳ್ಳುತ್ತ.
ಕೊಟ್ರಮ್ಮ ಒಂದು ನೋಟು ಬೇರೆ ಮಾಡಿ
ನನ್ನ ಕಡೆ ಸರಿಸಿದಳು.
"ಇದ್ದೂ ಇಲ್ಲದವ್ರು ನಮ್ಮನ್ಯಾಗೂ ಇದ್ರವ್ವ.
ಇಪ್ಪತ್ತು ವರ್ಷ ಇದ್ರು" ಎಂದು
ಮತ್ತೆ ಸೊಪ್ಪಿಗೆ ಕೈ ಹಾಕಿದಳು.

ರಾತ್ರಿ ನಾನಿನ್ನೂ ಅಂಗಾತ ಮಲಗುತ್ತೇನೆ,
ಎರಡೂ ಕಿವಿ ತೆರೆದು.
ನಡುರಾತ್ರಿ ತಣಿಯುವಾಗ ಮೇಲೆ ಟಕ್ ಎನ್ನುತ್ತದೆ.
ಎದ್ದು ಕೂರುತ್ತೇನೆ. ಚಿಲಕ ಮುಟ್ಟಿ ನೋಡುತ್ತೇನೆ.
ಶೀಟು, ಎಂದು ಹೇಳಿಕೊಳ್ಳುತ್ತೇನೆ,
ಬರೀ ಶೀಟು.