ತಟಸ್ಥ

ತರಬೇತಿಯ ದಿನ, ಫ್ಯಾನು ತಿರುಗದ ಹಾಲಿನಲ್ಲಿ
ನಲವತ್ತು ಮಂದಿ ಮೇಷ್ಟ್ರುಗಳಿಗೆ
ಇಪ್ಪತ್ತನಾಲ್ಕರ ಹುಡುಗ ಹೇಳಿಕೊಟ್ಟ:
"ಆ್ಯಪ್‌ಗೆ ಜಾತಿಯಿಲ್ಲ ಸಾರ್, ಪಕ್ಷವಿಲ್ಲ.
ನೀವು ಕೊಟ್ಟದ್ದನ್ನ ತಗೊಳ್ಳುತ್ತೆ, ಅಷ್ಟೆ.
ಪೂರ್ತಿ ತಟಸ್ಥ."

ಒಳ್ಳೆಯ ಹುಡುಗ. ನಾನು ಪಾಸ್‌ವರ್ಡು ಮರೆತಾಗ
ಮೂರು ಸಲವೂ ಬೇಸರವಿಲ್ಲದೆ ಹೊಸದು ಮಾಡಿಕೊಟ್ಟ.
ಕೆಂಪು ಚುಕ್ಕೆಯ ಕಾಲಮ್ಮು ಖಾಲಿ ಬಿಡುವಂತಿಲ್ಲ ಎಂದ.
ಯಾವುದಕ್ಕೆ ಕೆಂಪು, ಯಾವುದಕ್ಕಿಲ್ಲ, ಯಾರು ಕೂತು ಇಟ್ಟರು
ಕೇಳೋಣವೆಂದು ಎದ್ದೆ.
ಅಷ್ಟರಲ್ಲಿ ಉಪ್ಪಿಟ್ಟು ಬಂತು.

ನಮ್ಮ ತಾತ ಸರ್ವೆಯವರ ಸರಪಳಿ ಹಿಡಿಯುತ್ತಿದ್ದ.
ಮೂವತ್ಮೂರು ಅಡಿ, ಹದಿನಾರು ಆಣೆ, ಒಂದಿಂಚು ಮೋಸವಿಲ್ಲ.
ಉತ್ತದ್ದು ಖುಷ್ಕಿ, ಕೆರೆ ನೀರು ಹರಿದದ್ದು ತರಿ,
ನಮ್ಮವರು ಹೆಣ ಹೂಳುವ ದಿಣ್ಣೆ, ದನ ಬಿಡುವ ಹಳ್ಳದ ದಂಡೆ
ಖರಾಬು.
ಸರಪಳಿ ಆಡಿದ ಮಾತಲ್ಲ ಅದು;
ಅದಕ್ಕೆ ಉದ್ದ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ.
ತಾತ ಮಲಗಿರುವುದೂ ಹೊರಮಾವಿನ ಆ ಖರಾಬಿನಲ್ಲೇ,
ಮೇಲೆ ಈಗ ಕಾರು ತೊಳೆಯುತ್ತಾರೆ.

ನನ್ನ ಪಾಲಿಗೆ ಬಂದದ್ದು ಲಿಂಗರಾಜಪುರದ ತಗ್ಗಿನ ಓಣಿ,
ರಾಜಕಾಲುವೆಯ ಬದಿ.
ಹನ್ನೊಂದನೇ ಬಾಗಿಲು: ಪಳನಿಯಮ್ಮ,
ಹೋಟೆಲಿಗೆ ಬೆಳ್ಳುಳ್ಳಿ ಸುಲಿಯುತ್ತ,
ಬೆರಳ ತುದಿ ಸವೆದು ಗಾಜಿನ ಹಾಗೆ.
"ಬರ್ಕೊಂಡ್ರೆ ಮನೆ ಕೊಡ್ತಾರಾ ಮೇಷ್ಟ್ರೇ,
ಇಲ್ಲ, ಇರೋದನ್ನ ಕೀಳ್ತಾರಾ?"
ಅರವತ್ತೆರಡು ಪ್ರಶ್ನೆಗಳಿದ್ದವು ನನ್ನ ಕೈಲಿ.
ಇದು ಇರಲಿಲ್ಲ.

ಮಾತೃಭಾಷೆ?
ಒಳಗೆ ತಮಿಳು, ಬೀದೀಲಿ ಕನ್ನಡ, ನಲ್ಲಿ ಹತ್ರ ತೆಲುಗು,
ಜಗಳಕ್ಕೆ ಮೂರೂ.
ಒಂದನ್ನೇ ಒತ್ತಿ, ಎನ್ನುತ್ತದೆ ಪೆಟ್ಟಿಗೆ.
ಜಾತಿ? ಆಕೆ ಮಗನ ಕಡೆ ನೋಡಿದಳು.
ಮಗ ನನ್ನ ಕೊರಳಿನ ಬಿಲ್ಲೆ ನೋಡಿದ, ಹೆಸರು ಓದಿದ.
ಆಮೇಲೆ ಉತ್ತರ ಬಂತು.
ಬೇರೆ ಬಿಲ್ಲೆಯಾಗಿದ್ದರೆ
ಬೇರೆ ಉತ್ತರ ಬರುತ್ತಿತ್ತೋ ಏನೋ.

ಪಕ್ಕದ ಖಲೀಲ್ ಸಾಬರು ಅರ್ಧ ಬಾಗಿಲಲ್ಲೇ:
"ನಮ್ದು ಬೇಡ. ಹೋದ್ಸಲ ಬರ್ಸಿದ ಪಟ್ಟಿ ಹಿಡ್ಕೊಂಡೇ
ಜೆಸಿಬಿ ಬಂತು."
ಅದರಾಚೆಯ ಮನೆಯ ಸೊಣ್ಣಮ್ಮ ಓಡಿ ಬಂದು:
"ಮೊದ್ಲು ನಮ್ದು ಬರ್ಕೊಳ್ರಪ್ಪ, ಎಣಿಸ್ಲಿಲ್ಲ ಅಂತಲೇ
ಕೊಳಾಯಿ ಮೂಲೇಲೇ ನಿಂತೋಯ್ತು."
ಇಬ್ಬರದೂ ನಿಜ.
ಎರಡಕ್ಕೂ ಇರುವುದು ಒಂದೇ ಬಟನ್ನು.

ಕೊನೆಗೆ, ಸ್ಥಳ ಗುರುತಿಸಿ ಎಂದಿತು.
ಒತ್ತಿದೆ. ನೀಲಿ ಚುಕ್ಕೆ ತೂರಾಡಿ ತೂರಾಡಿ
ರಾಜಕಾಲುವೆಯ ನಟ್ಟನಡುವೆ ನಿಂತಿತು.
ನಾನಿದ್ದದ್ದು ಪಳನಿಯಮ್ಮನ ಹೊಸ್ತಿಲಲ್ಲಿ,
ಚಪ್ಪಲಿ ಒಣಗಿಯೇ ಇತ್ತು.
ಎದುರು ದಂಡೆಯ ಅಪಾರ್ಟ್‌ಮೆಂಟಿನ ಈಜುಕೊಳ
ಕಾಲುವೆಯ ಮೇಲೇ ಕಾಲು ಚಾಚಿಕೊಂಡಿದೆ.
ಅದರ ಚುಕ್ಕೆ ನಿನ್ನೆ ಮುಖ್ಯರಸ್ತೆಯ ಗೇಟಿನಲ್ಲಿ ಬಿತ್ತು,
ಸೆಕ್ಯೂರಿಟಿಯವನು ನನ್ನನ್ನು
ಅಲ್ಲಿಂದ ಒಳಗೆ ಬಿಡದೆ ಇದ್ದದ್ದರಿಂದ.

ತಟಸ್ಥ: ತಟದಲ್ಲಿ ನಿಂತವನು.
ಎಂಟನೇ ಕ್ಲಾಸಿಗೆ ವರ್ಷವರ್ಷವೂ ಬಿಡಿಸಿ ಹೇಳಿದ್ದೇನೆ.
ಹಾಗೆ ನೋಡಿದರೆ ಈ ಊರಲ್ಲಿ ತಟಸ್ಥರೆಂದರೆ
ಪಳನಿಯಮ್ಮ, ಆಕೆಯ ಬೆಳ್ಳುಳ್ಳಿ ಮೂಟೆ.
ಮಳೆ ಬಲವಾದರೆ
ಮೊದಲು ಕುಸಿಯುವುದು ತಟವೇ.

ನಾಲ್ಕು ಹೆಜ್ಜೆ ಹಿಂದೆ ಬಂದೆ,
ಹೊಂಗೆಮರದ ಬುಡಕ್ಕೆ, ರಸ್ತೆಗೆ.
ಚುಕ್ಕೆಯೂ ಬಂತು, ಕರೆದ ನಾಯಿಯ ಹಾಗೆ.
ಸಲ್ಲಿಸು ಒತ್ತಿದೆ.
ತಪ್ಪು ಮಾಹಿತಿಯೇ. ನಾಲ್ಕು ಹೆಜ್ಜೆಯಷ್ಟು ತಪ್ಪು.
ಈಜುಕೊಳಕ್ಕೆ ನಿನ್ನೆ
ನಾನು ಒಂದು ಹೆಜ್ಜೆಯೂ ಇಟ್ಟಿರಲಿಲ್ಲ.
ಹುಡುಗ ಹೇಳಿದಂತೆ, ಕೊಟ್ಟದ್ದನ್ನು ತಗೊಂಡಿತು.
ಹಸಿರು ಟಿಕ್ಕು.

"ಆಯ್ತಾ? ಮರದ ಕೆಳಕ್ಯಾಕೆ ಹೋದ್ರಿ, ನೆರಳಿಗಾ?"

ಹೂಂ, ಅಂದೆ.