ಒಂದಕ್ಕೆ ನಾಲ್ಕು

ಶುಕ್ರವಾರದ ಸಂತೆಯಲ್ಲಿ ಐದು ದಿರ್ಹಮಿಗೆ ಕೊಂಡ
ಕೆಂಪು ಬುಡದ ಬಾಟಲಿ.
ಡಬ್ಬಿಯ ಮೇಲೊಂದು ಚಿತ್ರ: ಗಾಳಿಯಲ್ಲೇ ನಿಂತು
ಪ್ಲಾಸ್ಟಿಕ್ ಹೂವಿಗೆ ಕೊಕ್ಕು ಅದ್ದಿದ ಹಕ್ಕಿ.
ಹೆಸರು ಓದಿ ಹೇಳಿದೆ: ಹಮ್ಮಿಂಗ್.
ಹಮ್ಮಬ್ಬ ಒಲೆಯ ಮುಂದಿನಿಂದಲೇ ನಕ್ಕ:
"ನನ್ನ ಹೆಸರಿನ ಹಕ್ಕಿಯೂ ಉಂಟಾ ಮಾರಾಯ?
ಕಟ್ಟು, ನೆಂಟರು ಬಂದರೆ ಬರಲಿ."

ಆ ನೆಂಟರು ಈ ಕಡಲು ದಾಟುವವರಲ್ಲ,
ಆಚೆ ಖಂಡದವರು. ಅದು ಆಮೇಲೆ ತಿಳಿದದ್ದು.

ಕಲ್ಬಾದಲ್ಲಿ ನಮ್ಮದು ವಿಲ್ಲಾದ ಹಿಂದಿನ ಕೋಣೆ,
ಆರು ಮಂಚ, ಒಂದು ಕಿಟಕಿ, ಸೋರುವ ಏಸಿ.
ಏಸಿ ರಿಪೇರಿಯವನದೇ ಸೋರುತ್ತದೆಂದು
ಗಲ್ಲಿಗೆಲ್ಲ ನಗು.

ಸಕ್ಕರೆ ಒಂದು ಲೋಟ, ನೀರು ನಾಲ್ಕು.
ಕುದಿಸಿ, ಆರಿಸಿ, ಬಣ್ಣ ಹಾಕದೆ ತುಂಬಿಸಿದೆ.
ಮೊದಲ ದಿನ ಇರುವೆ. ಎರಡನೆಯ ದಿನ ಕಣಜ.
ಮೂರನೆಯ ದಿನ ಮಾರ್ಚಿನ ಬಿಸಿಲಿಗೇ ಹುಳಿಬಂದು
ಕಳ್ಳಿನ ವಾಸನೆ. ಗುಲ್ ಜಮಾನ್ ಮೂಗು ಮುಚ್ಚಿ
"ಕಂಪೆನಿಗೆ ಗೊತ್ತಾದರೆ ಗಡಿಪಾರು" ಎಂದ.
ಅಲ್ಲಿಂದ ದಿನಾ ತೊಳೆದೆ, ದಿನಾ ಬದಲಿಸಿದೆ.

ಒಂಬತ್ತನೆಯ ಬೆಳಿಗ್ಗೆ
ಟೀ ಗ್ಲಾಸು ತುಟಿಗೆ ಬರುವಷ್ಟರಲ್ಲಿ
ಸೂರಕ್ಕಿ.
ಕಪ್ಪೆಂದರೆ ಕಪ್ಪಲ್ಲ, ಕತ್ತು ತಿರುಗಿದರೆ ನೇರಳೆ,
ಬಂದರಿನ ನೀರ ಮೇಲೆ ಡೀಸೆಲ್ ಹರಡಿದ ಹಾಗೆ.
ಚಿತ್ರದ ಹಕ್ಕಿಯಂತೆ ಹೊತ್ತುಗಟ್ಟಲೆ ನಿಲ್ಲಲು ಬಾರದು,
ಕೂರಲು ಆಸರೆ ಬೇಕು. ಐಸ್‌ಕ್ರೀಮ್ ಕಡ್ಡಿ ಕಟ್ಟಿಕೊಟ್ಟೆ.

ಹಮ್ಮಬ್ಬ ಸಕ್ಕರೆ ಬಿಟ್ಟು ಎರಡು ವರ್ಷ.
ಆರು ಜನರ ಚಹಾ ಕಲಕಿದ ಚಮಚವನ್ನು
ನೆಕ್ಕುವುದಿಲ್ಲ, ಸೀದಾ ನಲ್ಲಿಗೆ ಹಿಡಿಯುತ್ತಾನೆ.
ನಾನು ನೋಡಿದ್ದೇನೆ.

ಬಾಟಲಿ ರಾತ್ರಿಯೂ ಇಳಿಯತೊಡಗಿತು.
ಬಾವಲಿ ಎಂದರು. ಹಲ್ಲಿ ಎಂದರು.
ಹಕ್ಕಿ ಹಗಲಿಡೀ ಕುಡಿದರೂ ಒಂದು ಬೆರಳು,
ಬೆಳಗಾಗುವಾಗ ನಾಲ್ಕು ಬೆರಳು ಖಾಲಿ.
ಸೆಖೆಗೆ ಎದ್ದ ಒಂದು ರಾತ್ರಿ
ಕಿಟಕಿಯ ಆಚೆ ಬನಿಯನ್ನಿನ ಬೆನ್ನು,
ತಲೆ ಹಿಂದಕ್ಕೆ ವಾಲಿಸಿ
ಪ್ಲಾಸ್ಟಿಕ್ ಹೂವಿಗೆ ಬಾಯಿಟ್ಟ ಐವತ್ತೆಂಟರ ಮನುಷ್ಯ.
ಒಂದು ಗುಟುಕು. ಬಾಯಲ್ಲೇ ಇಟ್ಟುಕೊಂಡು ನಿಂತ,
ನುಂಗಲು ಮನಸ್ಸಿಲ್ಲದವನಂತೆ.

ನಾನು ಕೆಮ್ಮಲಿಲ್ಲ.

ನೀರು ಹೆಚ್ಚಿಸಿದರೆ ಹಕ್ಕಿಗೆ ಮೋಸ,
ಹಾಗೇ ಬಿಟ್ಟರೆ ಅವನ ಕಾಲಿನ ಮಾಯದ ಗಾಯಕ್ಕೆ.
ಮರುದಿನ "ಬಾಟಲಿ ಒಡೆಯಿತು" ಎಂದೆ.
ಹೇಗೆ ಎಂದು ಅವನು ಕೇಳಲಿಲ್ಲ.

ನರ್ಸರಿಯಿಂದ ಕೇಪುಳದ ಗಿಡ ತಂದು
ತುಪ್ಪದ ಖಾಲಿ ಟಿನ್ನುಗಳಲ್ಲಿ ನೆಟ್ಟು
ಏಸಿಯ ಪೈಪಿನ ಕೆಳಗಿಟ್ಟೆ.
ಬೇಸಿಗೆಯಿಡೀ ನಾವು ನಿದ್ದೆ ಮಾಡಿದಷ್ಟು ಹೊತ್ತು
ಅವಕ್ಕೆ ಹನಿ ಹನಿ ನೀರು.

ಅಕ್ಟೋಬರಿನಲ್ಲಿ ಗೊಂಚಲು ಕೆಂಪಾದಾಗ ಹಕ್ಕಿ ಬಂತು.
ಹೊಳಪೆಲ್ಲ ಉದುರಿ, ಗಂಟಲಿನಿಂದ ಹೊಟ್ಟೆಗೆ
ಒಂದು ಕಪ್ಪು ಗೆರೆ ಮಾತ್ರ ಉಳಿದಿತ್ತು.
ಇದು ಅದೇ ಹೌದೋ ಅಲ್ಲವೋ ಎಂದು
ನಮ್ಮೊಳಗೆ ಊಟ ಆರುವಷ್ಟು ವಾದ.

ಅದು ಹೋದ ಮೇಲೆ ಹಮ್ಮಬ್ಬ
ಒಂದು ಹೂ ಕಿತ್ತು, ಒಳಗಿನ ನೂಲು ಮೆಲ್ಲನೆ ಎಳೆದು,
ತುದಿಯಲ್ಲಿ ನಿಂತ ಹನಿಯನ್ನು ನಾಲಗೆಗೆ ಮುಟ್ಟಿಸಿದ,
ಉಳ್ಳಾಲದ ಶಾಲೆಯ ಬೇಲಿಯಲ್ಲಿ ಕಲಿತ ಹಾಗೆ.
"ಇಷ್ಟಕ್ಕೆ ಡಾಕ್ಟರು ಏನೂ ಹೇಳಲಿಕ್ಕಿಲ್ಲ"
ಎಂದ, ನನ್ನ ಮುಖ ನೋಡದೆ.
ಇನ್ನೊಂದು ಕಿತ್ತು ನನಗೆ ಕೊಟ್ಟ.