ಬಲಗಡೆಯ ಕೆಮ್ಮು

ಅಣ್ಣ ಮೋದ್ರಿಸ್ ಹೋದಮೇಲೆ ಅವನ ಸ್ಪೀಕರುಗಳು
ನನ್ನ ಪಾಲಿಗೆ ಬಂದವು.
ಒಂದೊಂದೂ ಹಿಟ್ಟಿನ ಮೂಟೆಯಷ್ಟು ಭಾರ. ಐದನೇ ಮಹಡಿ, ಲಿಫ್ಟಿಲ್ಲ.
ಹೊತ್ತು ತಂದ ಹುಡುಗರು ರೀಗಾದಲ್ಲಿರುವ ಅಷ್ಟೂ ಬೈಗುಳ
ಮೆಟ್ಟಿಲ ಮೇಲೆ ಚೆಲ್ಲಿ ಹೋದರು.

ನನ್ನದೋ ಪುಟ್ಟ ಆಂಪ್ಲಿಫೈಯರು, ಎಂಟೇ ವ್ಯಾಟು.
ಅದರ ವಾಲ್ವಿನ ಬಿಸಿಗೆ ಬೆಕ್ಕು ಬಂದು ಒರಗುತ್ತದೆ.
ನಾನೇ ಜೋಡಿಸಿದೆ.
ಮೂವತ್ತೊಂದು ವರ್ಷ ಟ್ರಾಮ್ ಓಡಿಸಿದವಳಿಗೆ
ತಂತಿ ಹೊಸದೇ, ಕರೆಂಟು ಹೊಸದೇ?

ಹಾಡು ಬಂತು,
ಕಂಬಳಿ ಹೊದ್ದವರು ಕಂಬಳಿಯೊಳಗೇ ಹಾಡಿದ ಹಾಗೆ.

ಡಿಪೋದ ಹಿಂದಿನ ನೆಲಮಾಳಿಗೆಯಿಂದ ವಿಲ್ನಿಸ್ ಬಂದ.
ಬೂಟಿನ ಮಂಜು ಕೊಡವಿ, ಏನನ್ನೂ ಮುಟ್ಟದೆ,
ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದ.
ಗೋಡೆ ಏನನ್ನುತ್ತದೆಂದು ತಲೆ ವಾಲಿಸಿ ಕೇಳಿದ.
"ಜಮಖಾನೆ ಇದೆಯಾ?"
"ಅಮ್ಮನದು. ಆ ಗೋಡೆಗಿದೆಯಲ್ಲ."
"ಈ ಗೋಡೆಗೆ ಹಾಕೋಣ."

ಆಮೇಲೆ ಹಿಂಬದಿಗೆ ಬಗ್ಗಿ, ಟಾರ್ಚು ಹಿಡಿದು, ನಕ್ಕ:
"ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ, ವೆಲ್ತಾ.
ಇವು ನಾಲ್ಕು ಓಮಿನ ರಾಕ್ಷಸರು, ನೂರು ವ್ಯಾಟು ಕುಡಿದು
ಇನ್ನೂ ಇದೆಯಾ ಅನ್ನುವವರು.
ನಿಮ್ಮ ಆಂಪ್ಲಿಫೈಯರು ಪಾಪ, ಸಂಕೋಚದ್ದು.
ಎರಡೂ ಒಳ್ಳೆಯವೇ.
ಒಂದು ನೊಗಕ್ಕೆ ಕಟ್ಟಿದಿರೋ, ಎತ್ತು ಏರಿಗೆ, ಕೋಣ ನೀರಿಗೆ."

ಮಾರನೆಯ ದಿನ ಯಾವುದೋ ಶಾಲೆಯ ಸಭಾಂಗಣ ಕೆಡವಿದಾಗ ಸಿಕ್ಕ
ಎರಡು ಪೆಟ್ಟಿಗೆ ತಂದ. ನೋಡಲು ಕೋಳಿಗೂಡು.
ಒಳಗೆ ತೆಳ್ಳನೆ ಕಾಗದದ ಶಂಕು,
ಊದಿದರೆ ಅಲುಗುತ್ತದೆ.
"ಕಡಿಮೆಗೆ ಕದಲುವುದು ಬೇಕು ಇದಕ್ಕೆ," ಅಂದ.
ಮೋದ್ರಿಸನ ರಾಕ್ಷಸರ ನೆತ್ತಿಯ ಮೇಲೆ ಈಗ ಜೆರೇನಿಯಂ ಕುಂಡ.

"ಸಾಮಾನ್ಯವಾಗಿ ಏನು ಕೇಳುತ್ತೀರಿ?"
ಒಂದೇ ರೆಕಾರ್ಡು, ಅಂದೆ. ನಮ್ಮ ಟ್ರಾಮ್ ಡಿಪೋದ ಗಾಯನವೃಂದ.
ನಾನು ಮೊದಲ ಸಾಲು.

ಹೇಳದೆ ಉಳಿಸಿಕೊಂಡದ್ದು:
ಮೂರನೇ ಹಾಡು, ಎರಡನೇ ಚರಣ ಮುಗಿದು
ಮೂರನೆಯದು ಏಳುವ ಮುನ್ನ ಒಂದು ಕೆಮ್ಮು.
ಬಲಗಡೆಯಿಂದ.
ಬಲಗಡೆ, ಹಿಂದೆ, ಮಂದ್ರದವರು ನಿಲ್ಲುತ್ತಿದ್ದರು,
ಅವರಲ್ಲಿ ಓಯಾರ್ಸ್.
ಅವನು ನನ್ನನ್ನು ಮದುವೆಯಾಗಲಿಲ್ಲ, ಬೇರೆ ಯಾರನ್ನೂ ಆಗಲಿಲ್ಲ.
ಫೋಟೋ ಇಲ್ಲ, ಕಾಗದವಿಲ್ಲ,
ಇರುವುದು ಅರ್ಧ ಕ್ಷಣದ ಆ ಕೆಮ್ಮು.

ವಿಲ್ನಿಸ್ ರೆಕಾರ್ಡ್ ಪ್ಲೇಯರಿನ ಹಿಂದೆ ಕೈ ಹಾಕಿದವನು
"ಅಯ್ಯೋ" ಅಂದ. "ಕೆಂಪು ಪಿನ್ನು ಬಿಳಿಯ ತೂತಿನಲ್ಲಿದೆ.
ಎಷ್ಟು ವರ್ಷದಿಂದ ಹೀಗೆ?"
ಕೊಂಡ ದಿನದಿಂದ.
ಅದಲು ಬದಲು ಮಾಡಿ, ಮುಳ್ಳು ಇಳಿಸಿದ.

ದೇವರೇ.
ಹಾಡಿಗೂ ಮೊದಲು ನಲವತ್ತು ಜನ ಉಸಿರೆಳೆದುಕೊಂಡರು.
ಆ ಉಸಿರಿನಲ್ಲಿ ನನ್ನದೂ ಇದೆ, ಇಪ್ಪತ್ತಾರು ವರ್ಷದ್ದು.
ಬೆಂಚೊಂದು ಕಿರುಗುಟ್ಟಿತು. ಕೋಟಿನ ಗುಂಡಿ ಯಾವುದಕ್ಕೋ ತಾಗಿತು.
ಒಬ್ಬೊಬ್ಬರೂ ಅವರವರ ಜಾಗದಲ್ಲಿ ನಿಂತಿದ್ದರು,
ನಡುವೆ ಕೈ ತೂರಿಸುವಷ್ಟು ತೆರಪು.

ಮೂರನೇ ಹಾಡು. ಎರಡನೇ ಚರಣ.
ಕೆಮ್ಮು
ಎಡಗಡೆಯಿಂದ ಬಂತು.
ಸಣ್ಣದು, ಕರವಸ್ತ್ರದೊಳಗಿನದು, ಹೆಂಗಸಿನದು.
ಸ್ಕೈದ್ರೀತೆ. ಟಿಕೆಟ್ ಕೌಂಟರಿನ ಸ್ಕೈದ್ರೀತೆ!
ಅವಳಿಗೆ ಸದಾ ನೆಗಡಿ.

"ಈಗ ಸರಿಹೋಯಿತು ನೋಡಿ," ಅಂದ ವಿಲ್ನಿಸ್.
ಹೌದು, ಅಂದೆ. ತುಂಬ ಸ್ಪಷ್ಟ.
ಹಣ ಕೊಟ್ಟೆ, ಜೀರಿಗೆ ಹಾಕಿದ ರೊಟ್ಟಿ ಕಟ್ಟಿಕೊಟ್ಟೆ.

ಅವನ ಹೆಜ್ಜೆ ಐದೂ ಮಹಡಿ ಇಳಿಯುವ ತನಕ ಕಾದು
ತಂತಿಯ ಹತ್ತಿರ ಹೋದೆ. ಮುಟ್ಟಲಿಲ್ಲ.
ಅಷ್ಟು ಕಷ್ಟಪಟ್ಟು ಹೊಂದಿಸಿದ್ದಾನೆ.

ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿದೆ.
ಸ್ಪೀಕರುಗಳಿಗೆ ಬೆನ್ನು ಕೊಟ್ಟು ಕೂತೆ,
ಆಗಿನ ಹಾಗೆಯೇ, ಎಲ್ಲರೂ ನನ್ನ ಹಿಂದೆ.
ಕೆಳಗೆ ಏಳನೇ ನಂಬರಿನ ಟ್ರಾಮು ತಿರುವಿನಲ್ಲಿ ಕಿರುಚಿತು.
ಬೆಕ್ಕು ಮಗ್ಗುಲು ಬದಲಿಸಿತು.
ಎರಡನೇ ಚರಣ ಮುಗಿಯಿತು.

ಬಲಗಡೆ, ಹಿಂದೆ,
ಯಾರೋ ಕೆಮ್ಮಿದರು.